ಮಗಳು ಎಡಕ್ಕೆ ಸುತ್ತಿದ್ದು

ಭಾನುವಾರ ಬಂದರೆ ಈಗೀಗ ನನಗೆ ಮೈ ಭಾರ. ಪೂಜೆ ಮುಗಿಸಿ, ಚಿತ್ರಾನ್ನ ಡಬ್ಬಿಗೆ ಹಾಕಿಕೊಂಡು, ಸಾಲಗಾಮೆಯಿಂದ ಹಾಸನಕ್ಕೆ ಒಂದು ಬಸ್ಸು, ಅಲ್ಲಿಂದ ಚನ್ನರಾಯಪಟ್ಟಣದ ಕಡೆಗೆ ಇನ್ನೊಂದು. ಅಲ್ಲೊಂದು ಬಯಲಿನಲ್ಲಿ ನನ್ನ ಮಗಳು ಗ್ಲೈಡರ್ ಹಾರಿಸುವುದನ್ನು ಕಲಿಯುತ್ತಾಳೆ. ಎಂಜಿನ್ನೇ ಇಲ್ಲದ ವಿಮಾನ ಅದು. ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಬಿಡುತ್ತಾರೆ. ಆಮೇಲೆ ಬಿಸಿಗಾಳಿ ಏಳುವ ಜಾಗ ಹುಡುಕಿ, ಗರುಡನ ಹಾಗೆ ಅಲ್ಲೇ ಸುತ್ತುತ್ತಾ ಏರಬೇಕು. ಅವಳನ್ನು ಕಳಿಸಿ ಮನೆಯಲ್ಲಿ ಕೂರುವುದು ನನ್ನಿಂದಾಗದು. ಬಂದರೂ ಬೇವಿನ ನೆರಳಲ್ಲಿ ಕೂತು ನಾಮ ಹೇಳಿಕೊಳ್ಳುವುದಷ್ಟೇ ಕೆಲಸ.

ಅವತ್ತು ಬಸ್ಸಿನಲ್ಲೇ ಹೇಳಿದ್ದೆ, "ಬಲಕ್ಕೇ ಸುತ್ತು ಮಗಾ, ಪ್ರದಕ್ಷಿಣೆ ಆಯ್ತದೆ."

"ಆಯ್ತು ಬಿಡವ್ವ," ಅಂದಿದ್ದಳು. ಮೇಲೆ ಹೋದವಳು ಎಡ ರೆಕ್ಕೆ ತಗ್ಗಿಸಿ ಎಡಕ್ಕೇ ಸುತ್ತತೊಡಗಿದಳು.

ಅವಳಿಗೆ ಕಲಿಸುವವರು ಅರಕಲಗೂಡಿನ ಕಡೆಯವರು, ವೈರ್‌ಲೆಸ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ನೋಡಿ ಸಾ, ಅಪ್ರದಕ್ಷಿಣೆ ಆಕ್ತಾವ್ಳೆ," ಎಂದೆ.

"ಅವ್ಳ ಮೇಲೊಂದು ಗ್ಲೈಡರ್ ಐತಲ್ಲಮ್ಮ, ಅದು ಮೊದ್ಲೇ ಎಡಕ್ಕೆ ಸುತ್ತಾ ಐತೆ. ಮೊದ್ಲು ಮೇಲಕ್ಕೋದೋರು ಯಾವ ಕಡಿಕ್ಕೆ ಸುತ್ತುತಾರೋ ಇಂದ್ಲೋರೂ ಆ ಕಡಿಕ್ಕೇ ಸುತ್ಬೇಕು. ಇವ್ಳು ಬಲಕ್ಕೆ ತಿರುಗಿದ್ರೆ ಎದುರಾಬದುರಾ ಬಂದ್ಬುಡ್ತಾರೆ."

"ದೇವ್ರು ಏನಂದ್ಕತಾನೋ."

"ದೇವ್ರನ್ನ ನಾನು ಒಪ್ಪಿಸ್ತೀನಿ, ನೀವ್ ಸುಮ್ಕಿರಿ."

ಅಷ್ಟರಲ್ಲಿ ಹಾಸನದ ಕಡೆಯಿಂದ ಎಂಜಿನ್ ಸದ್ದು ಕೇಳಿಸಿತು. ಸಣ್ಣ ವಿಮಾನವೊಂದು ನೇರ ನನ್ನ ಮಗಳ ಎತ್ತರಕ್ಕೇ ಬರುತ್ತಿತ್ತು. ಇನ್ನೊಂದು ಗ್ಲೈಡರ್ ಬಹಳ ಮೇಲಿತ್ತು. ಅವರು ವೈರ್‌ಲೆಸ್‌ನಲ್ಲಿ ಕೂಗಿದರು. ವಿಮಾನದಿಂದ ಉತ್ತರವಿಲ್ಲ.

"ಎಂಜಿನ್ ಇರೋನು ಗ್ಲೈಡರ್‌ಗೆ ದಾರಿ ಬಿಡ್ಬೇಕು, ಅದು ರೂಲು," ಎಂದರು.

"ಅವ್ನಿಗೆ ಕಾಣ್ದೇ ಓದ್ರೆ?"

ಅವರು ಮತ್ತೆ ವೈರ್‌ಲೆಸ್ ಬಾಯಿಗೆ ಹಿಡಿದರು. ತೆಳ್ಳನೆಯ ಬಿಳಿ ರೆಕ್ಕೆ, ಹಿಂದೆ ಬಿಳಿ ಮೋಡ. ನನ್ನ ಕಣ್ಣಿಗೇ ಆಗಾಗ ತಪ್ಪಿಹೋಗುತ್ತಿದ್ದಳು. ಬಾಯಲ್ಲಿದ್ದ ನಾಮವೂ ನಿಂತಿತು. ಆಗ ಅವಳು ಸುತ್ತುವುದನ್ನು ಬಿಟ್ಟು, ವಾಲಿಕೊಂಡು ದೂರ ಸರಿದಳು. ವಿಮಾನ ಒಂದಿಷ್ಟೂ ಬಾಗದೆ, ಅವಳು ಸುತ್ತುತ್ತಿದ್ದ ಜಾಗದಲ್ಲೇ ಹಾದುಹೋಯಿತು.

ಇಳಿದು ಬಂದವಳನ್ನು ಕೇಳಿದೆ, "ಅವ್ನು ನಿನ್ನ ನೋಡಿದ್ನಾ?"

"ಗೊತ್ತಿಲ್ಲ ಕಣವ್ವ. ನಾನ್ ನೋಡ್ದೆ, ಸರ್ಕಂಡೆ."

"ರೂಲು ನಿನ್ ಕಡಿಗಿತ್ತಂತಲ್ಲ."

"ರೂಲ್ ಇಡ್ಕಂಡು ಅಲ್ಲೇ ಕೂತಿರ್ಲಾ? ಡಬ್ಬಿ ಕೊಡು, ಒಟ್ಟೆ ಅಸಿತಾ ಐತೆ."

ಸಂಜೆ ಮನೆಗೆ ಬಂದಾಗ ಅವಳಿಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಮೇಲಿರುವಷ್ಟು ಹೊತ್ತೂ ಎಡ, ಬಲ, ಮೇಲೆ, ಕೆಳಗೆ ನೋಡುತ್ತಲೇ ಇರಬೇಕಂತೆ, ಯಾರು ಯಾವ ಕಡೆಯಿಂದ ಬರುತ್ತಾರೋ ಎಂದು. ಹರಳೆಣ್ಣೆ ಬಿಸಿ ಮಾಡಿ ಉಜ್ಜಿದೆ. ಕೂತಲ್ಲೇ ತೂಕಡಿಸಿದಳು. ಇನ್ನು ಹೋಗಬೇಡ ಅನ್ನೋಣವೆಂದುಕೊಂಡೆ, ಅನ್ನಲಿಲ್ಲ. ಅವಳ ಜೊತೆ ವಾದಕ್ಕೆ ನಿಲ್ಲುವ ತ್ರಾಣ ನನ್ನಲ್ಲಿರಲಿಲ್ಲ. ಎಣ್ಣೆಗೈಯಲ್ಲೇ ದೇವರ ಪಟದ ಕಡೆ ತಿರುಗಿ ಕೈಮುಗಿದೆ.

ಈಗ ಪ್ರತಿ ಭಾನುವಾರ ಸಂಜೆ ಕೇಳುವುದು ಒಂದೇ ಮಾತು, "ಕತ್ತು ನೋಯ್ತಾ ಐತಾ?" ಐತೆ ಅಂದರೆ ನನಗೆ ನೆಮ್ಮದಿ.