ಸಂತೆಯ ಕಲ್ಲೂ ನನ್ನ ಕೈಯೂ

ನಿಂತಲ್ಲಿ ಏನಕ್ಕಾದರೂ ಆತುಕೊಳ್ಳುವುದು ನನ್ನ ಚಟ. ಗೋಡೆ ಸಿಕ್ಕರೆ ಗೋಡೆ, ಕಂಬ ಸಿಕ್ಕರೆ ಕಂಬ, ಏನೂ ಇಲ್ಲದಿದ್ದರೆ ಪಕ್ಕದವರ ಹೆಗಲು. ನಿಮಗ ಎಲುಬ ಇಲ್ಲೇನ್ರಿ ಅಂತ ನನ್ನಾಕೆ ಶಾಂತಾ ಆಡಿಕೊಳ್ಳುತ್ತಾಳೆ. ಮುಧೋಳದ ಸಂತೆಯಲ್ಲಿ ಈ ಚಟ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಸಂತೆಯ ನಡುವೆ ಸೊಂಟದೆತ್ತರದ ಕಲ್ಲೊಂದಿದೆ. ಅದರ ಮೇಲೆ ಕೈಯಿಟ್ಟು ಕೊಡುತ್ತೇನೆ ಅಂದರೆ ಮುಗೀತು, ಹಿಂದೆ ಸರಿಯುವಂತಿಲ್ಲ. ಇಂಗ್ಲೆಂಡಿನ ಹಳೇ ಪೇಟೆಗಳ ನಡುವೆ ಕಲ್ಲಿನ ಶಿಲುಬೆ ನಿಲ್ಲಿಸುತ್ತಿದ್ದರಂತೆ. ಅರಸನ ಅಪ್ಪಣೆ ಸಾರುವುದು, ಬೆಣ್ಣೆ ಮೊಟ್ಟೆ ಮಾರುವುದು, ಮಾತು ಕೊಡುವುದು ಎಲ್ಲ ಅದರ ಬುಡದಲ್ಲೇ. ದೇವರು ನೋಡುತ್ತಿದ್ದರೆ ತಕ್ಕಡಿ ನೆಟ್ಟಗಿರುತ್ತದೆ ಎಂಬ ಭರವಸೆ. ನಮ್ಮ ಕಲ್ಲಿಗೆ ದೇವರ ಹೆಸರೂ ಇಲ್ಲ, ಕುಂಕುಮವೂ ಇಲ್ಲ. ಆದರೂ ಮಂದಿ ಹೆದರುತ್ತಾರೆ.

ಹೋದ ವರ್ಷ ಅಲ್ಲಿ ತುಬಚಿ ಕಡೆಯ ಕುರಿಗಾರ ಬೀರಪ್ಪ ಸಿಕ್ಕಿದ. ಅವನ ಹಟ್ಟಿ ಕಾಯುತ್ತಿದ್ದ ನಾಯಿ ಸತ್ತಿತ್ತು, ತೋಳದ ಭಯಕ್ಕೆ ಅವನಿಗೆ ನಿದ್ದೆಯಿರಲಿಲ್ಲ. ನಮ್ಮ ಮನೆಯಲ್ಲಿದ್ದ ಬೇಟೆನಾಯಿ ಮರಿಯನ್ನು ಕೇಳಿದ. ಒಯ್ಯೋ ಮಾರಾಯಾ ಅಂತ ನಾನು ಮಾತಿಗೆ ಅಂದೆ. ಅವನು ನನ್ನ ಕೈ ನೋಡಿ ನಮಸ್ಕಾರ ಮಾಡಿದ. ನಾನೂ ನೋಡಿಕೊಂಡೆ. ಕೈ ಕಲ್ಲಿನ ಮೇಲಿತ್ತು.

ಆ ಮರಿಯೆಂದರೆ ಶಾಂತಾಳ ಜೀವ. ತಾಯಿ ಸತ್ತ ಮೇಲೆ ಅರಳೆಯಲ್ಲಿ ಹಾಲು ಅದ್ದಿ ಕುಡಿಸಿ ಬದುಕಿಸಿದವಳೇ ಅವಳು. ಸುದ್ದಿ ಕೇಳಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ, ಊಟ ಮಾಡದೆ ಮಲಗಿದಳು. ಕಲ್ಲಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ಬೀರಪ್ಪ ಬಂದ. ಮರಿ ಶಾಂತಾಳ ಸೆರಗಿನೊಳಗಿತ್ತು.

"ಮಾತು ಕೊಟ್ಟಾವ್ರು ಇವರು. ನಾ ಕೊಟ್ಟಿಲ್ಲ," ಅಂದಳು.

ಬೀರಪ್ಪ ಮರಿಯನ್ನು ನೋಡಿದ, ಅವಳ ಕಣ್ಣು ನೋಡಿದ. "ಹಂಗಾರ ಇರ್ಲಿ ಬಿಡ್ರಿ ಅವ್ವಾರ. ನಾ ಕೇಳೇ ಇಲ್ಲ ಅಂತ ತಿಳ್ಕೋರಿ," ಅಂದವನೇ ಕಂಬಳಿ ಹೆಗಲಿಗೇರಿಸಿ ಹೊರಟ.

ಕಲ್ಲಿಗೆ ಮಾತನ್ನು ಹಿಡಿದುಕೊಳ್ಳಲಷ್ಟೇ ಬರುತ್ತದೆ, ಬಿಟ್ಟುಕೊಡಲು ಮನುಷ್ಯನೇ ಬೇಕು. ನನಗೆ ಇದು ಹೊಳೆಯುವಷ್ಟರಲ್ಲಿ ಶಾಂತಾ ಅಂಗಳ ದಾಟಿದ್ದಳು. ಅವನನ್ನು ನಿಲ್ಲಿಸಿ ಮರಿಯನ್ನು ಕಂಬಳಿಯೊಳಗಿಟ್ಟಳು.

"ಒಣಾ ರೊಟ್ಟಿ ಹಾಕಬ್ಯಾಡ, ಹಾಲಾಗ ನೆನಸಿ ಹಾಕು. ಸಂತಿಗೆ ಬಂದಾಗೊಮ್ಮೆ ಕರಕೊಂಡು ಬಾ, ತಮ್ಮಾ."

ಬರುತ್ತೇನೆಂದ. ಅಂಗಳದಲ್ಲಿ ಮುಟ್ಟಲು ಕಲ್ಲಿರಲಿಲ್ಲ, ಯಾರೂ ಹುಡುಕಲೂ ಇಲ್ಲ. ಇವತ್ತಿನವರೆಗೆ ಅವನು ಒಂದು ಸಂತೆಯನ್ನೂ ತಪ್ಪಿಸಿಲ್ಲ.