ನೀರು ಕುಡಿಯದೆ ಕ್ರೇನ್ ಹತ್ತುವವನು

ಬೆಳಿಗ್ಗೆ ಏಳಕ್ಕೆ ಕ್ರೇನ್ ಆಪರೇಟರ್ ಏಣಿಗೆ ಕೈ ಹಾಕಿದಾಗ ಅವನ ಗಂಟಲು ಒಣಗಿತ್ತು. ಬೇಕೆಂದೇ ಒಣಗಿಸಿಕೊಂಡದ್ದು. ಮೇಲಿನ ಕ್ಯಾಬಿನ್‌ಗೆ ನೂರ ತೊಂಬತ್ತು ಮೆಟ್ಟಿಲು. ನಡುವೆ ಮೂತ್ರಕ್ಕೆಂದು ಇಳಿದರೆ ಕೆಳಗಿನ ಕೆಲಸವೆಲ್ಲ ನಿಲ್ಲುತ್ತದೆ, ಮೇಸ್ತ್ರಿಯ ಬಾಯಿ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷಗಳಿಂದ ಅವನು ಮಧ್ಯಾಹ್ನದ ಊಟದವರೆಗೆ ಹನಿ ನೀರು ಮುಟ್ಟಿದವನಲ್ಲ.

ಆ ದಿನ ಕಣ್ಣು ಕೊಕ್ಕೆಯ ಮೇಲಿದ್ದರೂ ಮನಸ್ಸು ಇರಲಿಲ್ಲ. ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಮೂರು ವಾರದ ಹಿಂದಿನ ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗಿನ ಮಗುವಿನ ಎಡ ಕಿಡ್ನಿ ಊದಿರುವುದು ಕಂಡಿತ್ತು. ಇಂದು ಮಧ್ಯಾಹ್ನ ಮತ್ತೊಂದು ಸ್ಕ್ಯಾನ್.

"ಅಣ್ಣಾ, ಎಡಕ್ಕೆ ಅಂದೆ!" ಕೆಳಗಿನಿಂದ ಸಿಗ್ನಲ್ ಕೊಡುವವನು ವಾಕಿಟಾಕಿಯಲ್ಲಿ ಕೂಗಿದ. "ಬಲಕ್ಕೆ ಹೊರಟಿದ್ದೀಯಲ್ಲ, ಮಾವನ ಮನೆ ಆ ಕಡೆನಾ?"

ಆಪರೇಟರ್ ನಗಲಿಲ್ಲ. ಭಾರವನ್ನು ಸರಿಯಾದ ಕಡೆಗೆ ತಿರುಗಿಸಿ, ಗಡಿಯಾರ ನೋಡಿದ. ಐದು ನಿಮಿಷವೂ ಕಳೆದಿರಲಿಲ್ಲ, ಮತ್ತೆ ನೋಡಿದ. ಸೀಟಿನಲ್ಲಿ ಹೇಗೆ ಕೂತರೂ ಬಲ ಪಕ್ಕೆಯ ಕೆಳಗೆ ನೋವು ಹಿಂಡುತ್ತಿತ್ತು. ಎರಡು ತಿಂಗಳಿಂದ ಅದನ್ನು ಅವನು ಸೀಟಿನ ತಲೆಗೆ ಕಟ್ಟಿದ್ದ.

ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಹೆಂಡತಿ, ಮಗಳ ಜೊತೆ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಪರದೆಯ ಮೇಲೆ ಅಳತೆ ಹಿಡಿದರು. "ಊತ ಆಗಲೂ ಏಳು ಮಿಲಿಮೀಟರ್, ಈಗಲೂ ಏಳೇ. ಇನ್ನೊಂದು ಕಿಡ್ನಿ ಚೆನ್ನಾಗಿದೆ. ಆದ್ರೆ ನಿಮ್ಮ ತುಟಿ ಯಾಕಮ್ಮ ಹೀಗೆ ಒಡೆದಿದೆ? ನೀರು ಕುಡೀತಿಲ್ವಾ?"

ಮಗಳು ಅಪ್ಪನ ಮುಖ ನೋಡಿದಳು. "ದಿನಕ್ಕೆ ಎರಡೇ ಲೋಟ ಸಾಕು ಅಂತ ಅಪ್ಪನೇ ಅಂದ್ರು."

"ಒಳಗೆ ನೀರು ತುಂಬಿ ಊದಿದೆ ಅಂದ್ರಲ್ಲ ಮೇಡಂ," ಆಪರೇಟರ್ ತಡವರಿಸಿದ. "ಹಾಕೋದೇ ಕಮ್ಮಿ ಮಾಡಿದ್ರೆ ಇಳಿಯುತ್ತೆ ಅಂತ... ನನಗೆ ಹಾಗೇ ಅಲ್ವಾ ನಡೆದಿರೋದು?"

"ಬಸುರಿ ಹೆಂಗಸನ್ನೂ ಕ್ರೇನ್ ಹತ್ತಿಸಿಬಿಟ್ರಾ?" ಹೆಂಡತಿ ಹಣೆ ಚಚ್ಚಿಕೊಂಡಳು. "ಇವರದ್ದೂ ಒಂದು ನೋಡಿ ಡಾಕ್ಟ್ರೇ. ಬಲಗಡೆ ಪಕ್ಕೆ ಹಿಡ್ಕೊಂಡು ರಾತ್ರಿಯೆಲ್ಲ ಹೊರಳಾಡ್ತಾರೆ, ಕೇಳಿದ್ರೆ ಸೀಟು ಸರಿಯಿಲ್ಲ ಅಂತಾರೆ."

ಡಾಕ್ಟರಮ್ಮ ಮೊದಲು ಮಗಳಿಗೆ ಒಂದು ಲೋಟ ನೀರು ಕುಡಿಸಿದರು. ಕುಡಿದ ನೀರು ಹೆಚ್ಚಾಗಿ ಕಿಡ್ನಿ ಊದುವುದಿಲ್ಲ, ಮೂತ್ರ ಕೆಳಗಿಳಿಯುವ ದಾರಿ ಎಲ್ಲೋ ಸರಾಗವಾಗಿಲ್ಲದಿದ್ದರೆ ಊದುತ್ತದೆ ಎಂದರು. ಹುಟ್ಟುವ ಮೊದಲು ಕಾಣುವ ಇಷ್ಟು ಸಣ್ಣ ಊತ ಬಹಳ ಮಕ್ಕಳಲ್ಲಿ ತಾನಾಗಿ ಇಳಿದುಬಿಡುತ್ತದೆ. ಕೆಲವರಲ್ಲಿ ಮಾತ್ರ ನಿಜವಾದ ತಡೆ ಇರುತ್ತದೆ. ಯಾರಲ್ಲಿ ಯಾವುದು ಎಂದು ಇವತ್ತೇ ಹೇಳಲಾಗದು.

ಆ "ಹೇಳಲಾಗದು" ಅವನನ್ನು ಕೂರಗೊಡಲಿಲ್ಲ. ತನ್ನ ಸ್ಕ್ಯಾನ್‌ಗೆ ಕರೆಯುವವರೆಗೂ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದ. ಸ್ಕ್ಯಾನ್‌ನಲ್ಲಿ ನೋಡಿದರೆ ಅವನ ಬಲ ಕಿಡ್ನಿ ಮಗುವಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಊದಿತ್ತು. ಮೂತ್ರ ಕೆಳಗಿಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು.

"ಹಾಗಾದ್ರೆ ನನ್ನಿಂದಲೇ ಮಗುವಿಗೆ..."

"ಇಲ್ಲ ಯಜಮಾನ್ರೇ. ನಿಮ್ಮ ಕಲ್ಲು ನಿಮ್ಮದೇ. ಆದ್ರೆ ನಿಮ್ಮದು ತಾನಾಗಿ ಹೋಗುತ್ತೆ ಅಂತ ಕಾಯೋ ಹಂತ ದಾಟಿದೆ. ಹೀಗೇ ಬಿಟ್ರೆ ಕಿಡ್ನಿ ಹಾಳಾಗುತ್ತೆ."

"ಕೇಳಿಸ್ತಾ ಅಪ್ಪಾ?" ಮಗಳು ಎರಡನೇ ಲೋಟವನ್ನು ಅವನ ಕೈಗಿಟ್ಟಳು. "ಇದು ನಿನ್ನ ಪಾಲು."

ಸೋಮವಾರ ಅವನ ಕಲ್ಲು ತೆಗೆಯುತ್ತಾರೆ. ಮಗುವಿಗೆ ಹುಟ್ಟಿದ ದಿನವೇ ಸ್ಕ್ಯಾನ್ ಮಾಡುವುದಿಲ್ಲ. ಮೊದಲ ದಿನ ಮೈಯಲ್ಲಿ ನೀರು ಕಡಿಮೆಯಿದ್ದು ಊತ ಮರೆಯಾಗಬಹುದು. ಎರಡು ದಿನ ಕಳೆದ ಮೇಲೆ ಮಾಡುತ್ತಾರೆ.