ಹೊಳೆಗೆ ಹೋಗದ ಗಡಿಯಾರ

ಮೊನ್ನೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡೋಣವೆಂದು ರಕ್ತ ಪರೀಕ್ಷೆಗೆ ಹೋಗಿದ್ದೆ. ಲ್ಯಾಬಿನವನು ಹತ್ತಿಗೆ ಸ್ಪಿರಿಟ್ ಹಚ್ಚಿ ತೋಳಿಗೆ ಒರೆಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿಯ ಭಯ ಎತ್ತಲೋ ಹೋಯಿತು. ಉಳಿದವರಿಗೆ ಸ್ಪಿರಿಟ್ಟಿನ ವಾಸನೆ ಬಂದರೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ಗಡಿಯಾರ ನೆನಪಾಗುತ್ತದೆ. ಮುಚ್ಚಳದ ಮೇಲೆ ಬಳ್ಳಿ, ನವಿಲು, ರೈಲು ಎಂಜಿನ್ನು ಕೆತ್ತಿದ ಹಳೆಯ ಜೇಬು ಗಡಿಯಾರಗಳು... ಮತ್ತು ಅವುಗಳ ನಡುವೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತ ನಮ್ಮ ಎದುರು ಮನೆಯ ನರ್ಸಮ್ಮ.

ನಾನು ಮದುವೆಯಾಗಿ ಹೊಸಪೇಟೆಗೆ ಬಂದಾಗ ಅವರು ಸರಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿ ಸ್ವಲ್ಪ ಕಾಲವಾಗಿತ್ತು. ಓಣಿಯವರೆಲ್ಲ ನರ್ಸಮ್ಮ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಪುರಸೊತ್ತು ಸಿಗಲಿಲ್ರಿ" ಎಂದು ಹೇಳಿ ಕಳಿಸಿಬಿಡುತ್ತಿದ್ದರು. ಬಾಯಿ ಜೋರು. ನಮ್ಮ ಮನೆಯವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾಗ ಓಣಿಯಲ್ಲಿ ಯಾರಾದರೂ ಗದ್ದಲ ಮಾಡಿದರೆ, ಅವರನ್ನು ಬೈದು ಓಡಿಸುವ ಆ ದನಿಯೇ ಮೊದಲು ನಮ್ಮವರನ್ನು ಎಬ್ಬಿಸುತ್ತಿತ್ತು.

ಗಡಿಯಾರದ ಹುಚ್ಚು ಅವರಿಗೆ ಹತ್ತಿದ್ದು ಹೆರಿಗೆ ಮಾಡಿಸುತ್ತಾ. ಕಂಪ್ಲಿ, ಸಂಡೂರು, ಬುಕ್ಕಸಾಗರ ಅಂತ ಸುತ್ತಲಿನ ಎಷ್ಟೋ ಮನೆಗಳ ಕೂಸುಗಳು ಭೂಮಿಗೆ ಬಿದ್ದದ್ದೇ ಇವರ ಕೈಗೆ. ಖುಷಿಗೆ ಸೀರೆ ಕೊಡಲು ಬಂದರೆ ಮುಟ್ಟುತ್ತಿರಲಿಲ್ಲ. "ನಿಮ್ಮ ಮನ್ಯಾಗ ಕೆಟ್ಟು ನಿಂತ ಸರಪಳಿ ಗಡಿಯಾರ ಏನಾರ ಬಿದ್ದಾವೇನು?" ಎಂದು ಕೇಳುತ್ತಿದ್ದರು. ಮುತ್ತಜ್ಜನ ಕೋಟಿನ ಜೇಬಿನಲ್ಲೋ ಟ್ರಂಕಿನ ತಳದಲ್ಲೋ ಅಂಥದ್ದೊಂದು ಸಿಗುತ್ತಿತ್ತು, ನಿಂತ ಗಡಿಯಾರ ಯಾರಿಗೆ ಬೇಕು ಎಂದು ಜನ ಕೊಟ್ಟೂಬಿಡುತ್ತಿದ್ದರು. ಸೀರೆ ತಗೊಂಡರೆ ಲಂಚ, ಗುಜರಿ ತಗೊಂಡರೆ ಲಂಚವಲ್ಲ ಎಂಬುದು ಅವರದೇ ಕಾನೂನು. ನಾನು ರೇಗಿಸಿದರೆ "ನೀ ವಕೀಲಿ ಮಾಡಬ್ಯಾಡ, ಚಹಾ ಮಾಡು" ಎನ್ನುತ್ತಿದ್ದರು.

ಗೋಡೆಯ ಗಾಜಿನ ಕಪಾಟಿಗೆ 'ವಾರ್ಡು' ಎಂದು ಹೆಸರು. ಇಂಜೆಕ್ಷನ್ ಬರುತ್ತಿದ್ದ ರಟ್ಟಿನ ಡಬ್ಬಿಗಳಿಗೆ ಹತ್ತಿ ಹಾಸಿ ಒಂದೊಂದರಲ್ಲಿ ಒಂದೊಂದು ಗಡಿಯಾರವನ್ನು ಮಲಗಿಸಿದ್ದರು. ಬೆಳಗ್ಗೆ ಎದ್ದು ಚಹಾ ಕುಡಿದವರೇ ರೌಂಡ್ಸಿಗೆ ಹೊರಡುತ್ತಿದ್ದರು. ಪ್ರತಿಯೊಂದಕ್ಕೂ ಕೀಲಿ ಕೊಡುವುದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು. "ಹೊಟ್ಟಿ ತುಂಬಿದ್ಮ್ಯಾಲೆ ಒತ್ತಾಯ ಮಾಡಿ ಉಣಸಬಾರದು" ಎಂದು ಕೀಲಿ ಬಿಗಿಯಾಗುವ ಮುನ್ನವೇ ಕೈ ತೆಗೆಯುತ್ತಿದ್ದರು. ಎಣ್ಣೆ ಬಿಡಲು ಇಂಜೆಕ್ಷನ್ ಸೂಜಿ, ಧೂಳು ಊದಲು ಹಳೆಯ ಬಿ.ಪಿ. ಯಂತ್ರದ ರಬ್ಬರ್ ಬುಡ್ಡೆ. ಒಮ್ಮೆ ಯಶವಂತನಗರದ ಗಣಿ ಮೇಸ್ತ್ರಿಯೊಬ್ಬರ ಮನೆಯಿಂದ ಬಂದ ಗಡಿಯಾರದ ಬೆನ್ನು ಬಿಚ್ಚಿದರೆ ಗಣಿಯ ಕೆಂಪು ಧೂಳು ಚಾಪೆಯ ಮೇಲೆ ಕುಂಕುಮದಂತೆ ಸುರಿಯಿತು. ಅದನ್ನು ತೊಳೆದು ನಡೆಸಲು ತಿಂಗಳುಗಳೇ ಹಿಡಿದು ದೀಪಾವಳಿ ಬಂದಿತ್ತು.

ಕೆತ್ತನೆಯ ವಿಷಯದಲ್ಲಿ ಮಾತ್ರ ಅವರು ಯಾರನ್ನೂ ನಂಬುತ್ತಿರಲಿಲ್ಲ. ಬೆಳ್ಳಿ ಕಪ್ಪಾಯಿತೆಂದು ಜನ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಇಡುತ್ತಾರಲ್ಲ, ತಿಕ್ಕಿದಷ್ಟೂ ಗೆರೆ ಸವೆಯುತ್ತದೆ. ನವಿಲಿನ ಗರಿ ಹೋಗುತ್ತದೆ, ಬಳ್ಳಿಯ ಎಲೆ ಹೋಗುತ್ತದೆ, ಕೊನೆಗೆ ಹೊಳೆಯುವ ಬರೀ ತಗಡು ಉಳಿಯುತ್ತದೆ. ವಾರ್ಡಿನಲ್ಲಿ ಅರ್ಧಕ್ಕರ್ಧ ಅಂಥವೇ. ಅವನ್ನು ತೊಳೆದು ಉಟ್ಟು ಉಟ್ಟು ಮೆತ್ತಗಾದ ಹಳೆಯ ಪಂಚೆಯ ಚೂರಿನಿಂದ ಒತ್ತಿ ಒತ್ತಿ ಒರೆಸುತ್ತಾ, ತಿಕ್ಕಿದ ಮನೆಯವರಿಗೆ ಮೂರು ತಲೆಮಾರು ಸೇರಿಸಿ ಬೈಯುತ್ತಿದ್ದರು.

ನನ್ನ ಬಳಿ ಸ್ಕೂಟಿ ಇತ್ತು, ಅದೇ ನನ್ನ ತಪ್ಪು. ಯಾವ ಊರಲ್ಲಿ ಗಡಿಯಾರ ಇದೆ ಎಂದು ಸುದ್ದಿ ಬಂದರೂ ಹಿಂದಿನ ಸೀಟಿನಲ್ಲಿ ಅವರು ಹಾಜರು. ಅದಿರು ಲಾರಿಗಳ ನಡುವೆ ಸಂಡೂರಿನ ರಸ್ತೆಯಲ್ಲಿ ನನ್ನ ಜೀವ ಕೈಯಲ್ಲಿರುತ್ತಿತ್ತು, ಅವರು ಹಿಂದೆ ಕೂತು "ಜಲ್ದಿ ನಡಿಯವ್ವ" ಅನ್ನುತ್ತಿದ್ದರು. ಗೊಣಗುತ್ತಲೇ ಹೋಗುತ್ತಿದ್ದೆ. ಈಗ ಹೇಳುತ್ತೇನೆ, ಹೊಸ ಊರಿನಲ್ಲಿ ನನಗೆ ಅಷ್ಟು ಖುಷಿ ಕೊಟ್ಟದ್ದು ಬೇರೆ ಯಾವುದೂ ಇರಲಿಲ್ಲ.

ಇಷ್ಟೆಲ್ಲ ಸಿಕ್ಕರೂ ಅವರು ಜೀವ ಬಿಡುತ್ತಿದ್ದದ್ದು ಸಿಗದ ಒಂದಕ್ಕೆ. ಅದು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯಲ್ಲಿತ್ತು. ಗಿರಣಿ ಹಾಕಿದ ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬೆಳ್ಳಿ ಗಡಿಯಾರ. ಅವರು ತೀರಿಕೊಂಡ ಮೇಲೆ ಅದನ್ನು ದೇವರ ಜಗಲಿ ಮೇಲಿಟ್ಟು, ಪ್ರತಿ ಹಬ್ಬಕ್ಕೂ ತುಪ್ಪ, ಕುಂಕುಮ, ವಿಭೂತಿ ಬಳಿದು ಪೂಜೆ ಮಾಡುತ್ತಾ ಬಂದಿದ್ದರು. ಮುಚ್ಚಳದ ಮೇಲೆ ಏನು ಕೆತ್ತಿದೆ ಎಂಬುದು ಆ ಮನೆಯಲ್ಲಿ ಬದುಕಿದ್ದ ಯಾರಿಗೂ ನೆನಪಿರಲಿಲ್ಲ. ಆ ಮನೆಯ ಸೊಸೆಯ ಎರಡೂ ಹೆರಿಗೆ ಮಾಡಿಸಿದ್ದು ನರ್ಸಮ್ಮನೇ. ಎರಡು ಸಲವೂ ಕೇಳಿದ್ದರು, ಎರಡು ಸಲವೂ ಅತ್ತೆ ತಲೆ ಅಲ್ಲಾಡಿಸಿದ್ದರು. ವಾರ್ಡಿನ ನಡುವಿನ ಹಲಗೆಯಲ್ಲಿ ಹತ್ತಿ ಹಾಸಿದ ಒಂದು ಡಬ್ಬಿ ಸದಾ ಖಾಲಿ ಇರುತ್ತಿತ್ತು. ಯಾರದ್ದೆಂದು ನಾನು ಕೇಳಬೇಕಿರಲಿಲ್ಲ.

ಒಂದು ಅಮಾವಾಸ್ಯೆಯ ಬೆಳಗ್ಗೆ ಆ ಸೊಸೆಯ ಫೋನು ಬಂತು. ವಾಸ್ತು ಹೇಳುವವರು ಯಾರೋ ಮನೆಗೆ ಬಂದಿದ್ದರಂತೆ. ನಿಂತ ಗಡಿಯಾರ ದೇವರ ಮುಂದೆ ಇದ್ದರೆ ಮನೆಗೆ ಕೇಡು ಅಂದರಂತೆ. "ಹೊತ್ತು ಮುಳುಗೋದ್ರೊಳಗ ಹೊಳಿಗೆ ಬಿಡಾಕ ನಿಂತಾರ್ರಿ ನಮ್ಮತ್ತಿ. ಜಲ್ದಿ ಬರ್ರಿ" ಎಂದು ಆಕೆ ಪಿಸುಗುಟ್ಟಿ ಫೋನಿಟ್ಟಳು. ಮುರಿದು ಭಿನ್ನವಾದ ದೇವರ ಮೂರ್ತಿ, ಪಟಗಳನ್ನು ತುಂಗಭದ್ರೆಗೆ ಬಿಡುವುದು ನಮ್ಮ ಕಡೆಯ ರೂಢಿ. ಆದರೆ ಗಡಿಯಾರವನ್ನು ಬಿಡುವುದನ್ನು ನಾನು ಅದೇ ಮೊದಲು ಕೇಳಿದ್ದು. ನರ್ಸಮ್ಮ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಡ್ಯೂಟಿಯ ಚೀಲ ಹಿಡಿದು, ಆ ಖಾಲಿ ಡಬ್ಬಿಯನ್ನೂ ಅದರೊಳಗೆ ತುರುಕಿಕೊಂಡು ಸ್ಕೂಟಿ ಹತ್ತಿದರು.

ನಾವು ಹೋದಾಗ ಪಡಸಾಲೆಯಲ್ಲಿ ತೆಂಗಿನಕಾಯಿ, ಹೂವು, ಕುಪ್ಪಸದ ಹಸಿರು ಕಣ ಎಲ್ಲಾ ತಟ್ಟೆಯಲ್ಲಿ ಸಿದ್ಧವಾಗಿದ್ದವು. ಬಾಗಿಲಲ್ಲಿ ಕಾರು ನಿಂತಿತ್ತು. ಆ ಮನೆಯ ಅಜ್ಜಿ, ಅಂದರೆ ಸೊಸೆಯ ಅತ್ತೆ, ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಹೊಳಿಗ್ಯಾಕ ಬಿಡ್ತೀರಿ ಯಮ್ಮಾ, ನನಗ ಕೊಡ್ರಿ. ಕೂಸಿನಂಗ ನೋಡ್ಕೊಂತೀನಿ" ಎಂದರು ನರ್ಸಮ್ಮ.

"ನಿನಗ ಕೊಡಬಾರದು ಅಂತಲ್ಲವ್ವ. ಪೂಜಿ ಮಾಡಿದ್ದನ್ನ ಮನಿ ಹೊರಗಿನವರಿಗೆ ಕೊಡಾಕ ಬರಂಗಿಲ್ಲ. ಗಂಗವ್ವನ ಉಡಿಗೇ ಹಾಕಬೇಕು."

"ಹಂಗಾರ ಇಲ್ಲೇ ಇಟ್ಕೊಳ್ರಿ."

"ನಿಂತದ್ದು ಇರಬಾರದಂತಲ್ಲ. ಮೊಮ್ಮಕ್ಕಳಿರೋ ಮನಿ. ನಾಳೆ ಏನಾರ ಆದ್ರ ನಾನು ಯಾರಿಗೆ ಹೇಳ್ಲಿ?" ಅಜ್ಜಿ ಮಡಿಲಿನ ಗಡಿಯಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಅವರಿಗೂ ಬಿಡುವ ಮನಸ್ಸಿಲ್ಲವೆಂದು ನಮಗೆಲ್ಲ ಗೊತ್ತಾಯಿತು.

ನರ್ಸಮ್ಮ ಡ್ಯೂಟಿಯ ಚೀಲವನ್ನು ಕೆಳಗಿಟ್ಟರು. ಆಮೇಲೆ ಕೇಳಿದರು, "ನಿಂತದ್ದು ಇರಬಾರದು. ನಡಿಯೋದು ಇರಬೌದಲ್ರಿ?"

"ನಡದ್ರ ನಾ ಯಾಕ ಬಿಡ್ಲಿ?" ಎಂದರು ಅಜ್ಜಿ.

ಗಡಿಯಾರ ನಡೆಯದಿದ್ದರೆ ಅದು ಹೊಳೆಯ ಪಾಲು, ನಡೆದರೆ ಈ ಮನೆಯ ಪಾಲು. ಎರಡರಲ್ಲಿ ಯಾವುದಾದರೂ ನಮ್ಮ ನರ್ಸಮ್ಮನ ಡಬ್ಬಿ ಖಾಲಿ. ಅದು ಅವರಿಗೂ ಗೊತ್ತಿತ್ತು. ಆದರೂ ಸೆರಗು ಸಿಕ್ಕಿಸಿ, ಪಡಸಾಲೆಯ ಬೆಳಕಿನಲ್ಲಿ ಬಿಳಿ ಟವೆಲ್ ಹಾಸಿ ಕೂತುಬಿಟ್ಟರು.

ಮೊದಲು ಬೆಚ್ಚಗಿನ ಕೊಬ್ಬರಿ ಎಣ್ಣೆ. ಹತ್ತಿಯಲ್ಲಿ ಅದ್ದಿ ಅದ್ದಿ ಇಟ್ಟಂತೆ ವರ್ಷಗಳ ಕುಂಕುಮ ಪದರು ಪದರಾಗಿ ಬಿಡತೊಡಗಿತು. ಆ ಹತ್ತಿಯನ್ನೂ ಕಸಕ್ಕೆ ಹಾಕಲು ಅಜ್ಜಿ ಬಿಡಲಿಲ್ಲ, ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕಬೇಕೆಂದು ಒಂದು ತಟ್ಟೆಯಲ್ಲಿ ಕೂಡಿಟ್ಟರು. ಕೆಂಪು ಹೋಗಿ ಬೆಳ್ಳಿ ಕಂಡಿತು. ಬೆಳ್ಳಿಯ ಮೇಲೆ ಒಂದು ಬಳ್ಳಿ, ಬಳ್ಳಿಯ ನಡುವೆ ಓಡುವ ಜಿಂಕೆ. ನರ್ಸಮ್ಮ ಭೂತಗನ್ನಡಿ ಹಿಡಿದು ನೋಡಿದವರು ಹಾಗೇ ಉಳಿದರು.

"ನಮ್ಮ ವಾರ್ಡಿನ ಜಿಂಕಿ ಎಲ್ಲಾ ಬೋಳಾಗ್ಯಾವ. ಇದಕ್ಕ ಮೈಮ್ಯಾಲೆ ಕೂದ್ಲ ಅದಾವ ನೋಡ್ರಿ" ಎಂದು ಭೂತಗನ್ನಡಿಯನ್ನು ಅಜ್ಜಿಯ ಕೈಗೆ ಕೊಟ್ಟರು. "ಕುಂಕುಮ ಮೆತ್ತಿ ಹಾಳ ಮಾಡ್ಯಾರಂತ ಇಷ್ಟು ವರ್ಷ ನಿಮ್ಮನ್ನ ಭಾಳ ಬೈದೀನ್ರಿ. ಯಾರೂ ತಿಕ್ಕಿಲ್ಲ, ಅದಕ್ಕ ಉಳಿದೈತಿ. ನಿಮ್ಮ ಪೂಜಿನ ಇದನ್ನ ಕಾಪಾಡೈತಿ."

ಅವರ ಬಾಯಲ್ಲಿ ಸೋಲೊಪ್ಪಿದ ಮಾತು ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ಅಜ್ಜಿ ಗೆದ್ದವರಂತೆ ಮುಖ ಎತ್ತಿ ಸೊಸೆಯನ್ನು ನೋಡಿದರು.

ಬೆನ್ನಿನ ಮುಚ್ಚಳ ತೆಗೆದದ್ದಾಯಿತು. ಅದು ಪುಟ್ಟ ಬೀಗದ ಕೈಯಿಂದ ಕೀಲಿ ಕೊಡುವ ಹಳೆಯ ಕಾಲದ ಗಡಿಯಾರ. ನರ್ಸಮ್ಮನ ಚೀಲದಲ್ಲಿ ಅಂಥ ಬೀಗದ ಕೈಗಳ ಒಂದು ಗೊಂಚಲೇ ಇತ್ತು. ಒಂದು ಕೂತಿತು, ತಿರುಗಿತು. ಗಡಿಯಾರ ಮಾತ್ರ ಅಲ್ಲಾಡಲಿಲ್ಲ. ಒಳಗೆ ಸ್ಪ್ರಿಂಗು ತುಂಡಾಗಿದ್ದರೆ ಅವತ್ತಿಗೆ ಕಥೆ ಮುಗಿದಂತೆ. ಹೊರಗೆ ಕಾರಿನವನು ಒಮ್ಮೆ ಹಾರನ್ ಹೊಡೆದ. ನರ್ಸಮ್ಮ ತಲೆಯೆತ್ತದೆ, "ಆಪರೇಷನ್ ನಡದೈತಿ ಅಂತ ಹೇಳ್ರಿ ಅವಗ" ಎಂದರು. ಸೊಸೆ ಹೋಗಿ ಹಾಗೇ ಹೇಳಿ ಬಂದಳು.

ಕೊನೆಗೆ ಸಿಕ್ಕಿತು. ಅತ್ತಿತ್ತ ಓಡಾಡಬೇಕಾದ ಪುಟ್ಟ ಚಕ್ರಕ್ಕೆ ಅಡ್ಡಲಾಗಿ ಏನೋ ಒಂದು. ಚಿಮಟದ ತುದಿಯಲ್ಲಿ ಹಿಡಿದು ಎಳೆದು ಅಜ್ಜಿಯ ಅಂಗೈಯಲ್ಲಿ ಇಟ್ಟರು. ಭತ್ತದ ಹೊಟ್ಟಿನ ಒಂದು ಚೂರು. ಗಿರಣಿಯಲ್ಲಿ ನಿಂತು ಕೀಲಿ ಕೊಡುವಾಗ ಆ ಹಿರಿಯರ, ಅಂದರೆ ಅಜ್ಜಿಯ ಮಾವನವರ ಕೈಯಿಂದಲೇ ಒಳಗೆ ಬಿದ್ದದ್ದಿರಬೇಕು. ಅಜ್ಜಿ ಎದ್ದು ಹೋಗಿ ಅದನ್ನು ಜಗಲಿಯ ಮೇಲಿಟ್ಟು ಬಂದರು.

ಆಮೇಲೆ ಸ್ಪಿರಿಟ್, ರಬ್ಬರ್ ಬುಡ್ಡೆಯ ಗಾಳಿ, ಸೂಜಿಯ ತುದಿಯಿಂದ ಅಲ್ಲೊಂದು ಇಲ್ಲೊಂದು ಎಣ್ಣೆಯ ಹನಿ. ನರ್ಸಮ್ಮ ಗಡಿಯಾರವನ್ನು ಅಂಗೈಯಲ್ಲಿ ಸಣ್ಣಗೆ ತಿರುವಿ, ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು.

"ನಾಡಿ ಬಂತ್ರಿ" ಎಂದರು ನರ್ಸಮ್ಮ.

ಸ್ಟೆತಾಸ್ಕೋಪನ್ನು ಅಜ್ಜಿಯ ಕಿವಿಗೆ ಹಾಕಿದರು. ಅಜ್ಜಿ ಎಷ್ಟೋ ಹೊತ್ತು ಕೇಳಿದರು, ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. "ನಮ್ಮ ಮಾವನವರು ಪಡಸಾಲ್ಯಾಗ ಅಡ್ಡಾಡಿದಂಗ ಕೇಳ್ತೈತಿ" ಎಂದರು. ಆಮೇಲೆ ಮಗ ಕೇಳಿದ, ಸೊಸೆ ಕೇಳಿದಳು, ಮೊಮ್ಮಕ್ಕಳು ಕಿತ್ತಾಡಿಕೊಂಡು ಕೇಳಿದರು. ಗಿರಣಿಯ ಹಮಾಲರು ಬಾಗಿಲಿಗೆ ಬಂದು ಸಾಲಾಗಿ ನಿಂತು ಕೇಳಿದರು. ಹಾರನ್ ಹೊಡೆದ ಕಾರಿನವನೂ ಕೇಳಿ ತಲೆದೂಗಿದ. ಹೊಳೆಗೆಂದು ಇಟ್ಟ ತೆಂಗಿನಕಾಯಿ ಜಗಲಿಯ ಮುಂದೆ ಒಡೆಯಿತು. ಬೆಲ್ಲದ ಜೊತೆ ನಮ್ಮ ಕೈಗೂ ಬಂತು. ಅಷ್ಟು ರುಚಿಯಾದ ಕಾಯಿ ನಾನು ತಿಂದಿಲ್ಲ.

ನರ್ಸಮ್ಮ ಬೀಗದ ಕೈಯನ್ನು ಸೊಸೆಗೆ ಕೊಟ್ಟು ದಿನಾ ಹೇಗೆ ಕೀಲಿ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಮಾಡಿಸಿ ತೋರಿಸಿದರು. ಕುಂಕುಮ ಇನ್ನು ಮುಂದೆ ಬೆಳ್ಳಿಯ ಮೇಲೆ ಬೇಡವೆಂದರು. ಅಜ್ಜಿ ಚೌಕಾಸಿಗೆ ಇಳಿದರು. ಕೊನೆಗೆ ಗಾಜಿನ ಮೇಲೆ ಒಂದೇ ಒಂದು ಬೊಟ್ಟು ಎಂದು ರಾಜಿಯಾಯಿತು.

ಬರುವಾಗ ಬುಕ್ಕಸಾಗರದ ಹತ್ತಿರ ಸ್ಕೂಟಿ ನಿಲ್ಲಿಸಿ, ಭತ್ತದ ಗದ್ದೆಯ ಪಕ್ಕ ಕೂತು ಮಂಡಕ್ಕಿ ಮಿರ್ಚಿ ತಿಂದೆವು. ಅವರ ಬಿಳಿ ಸೀರೆಯ ಮೇಲೆಲ್ಲ ಕುಂಕುಮದ ಕಲೆ. ಮುಖ ನೋಡಿದರೆ ರಾಜ್ಯ ಗೆದ್ದು ಬಂದವರ ಹಾಗೆ. ನನಗೇ ತಡೆಯಲಾಗದೆ ಕೇಳಿದೆ, "ನಿಮಗ ಬೇಜಾರಾಗಲಿಲ್ಲೇನ್ರಿ? ಡಬ್ಬಿ ಖಾಲೀನ ಉಳೀತಲ್ಲ."

ಮಿರ್ಚಿ ಅಗಿಯುತ್ತಾ ಹೇಳಿದರು, "ಲೇ ಹುಡುಗಿ, ಆಸ್ಪತ್ರ್ಯಾಗ ಹಾಸಿಗಿ ಖಾಲಿ ಇದ್ರ ಒಳ್ಳೇದು."

ಅವತ್ತಿನಿಂದ ಅವರು ಡಿಸ್ಚಾರ್ಜ್ ಶುರುಮಾಡಿದರು. ದಿನಾ ಕೀಲಿ ಕೊಡುತ್ತೇವೆಂದು ಒಪ್ಪಿದ ಮನೆಗಳಿಗೆ ಅವರವರ ಗಡಿಯಾರ ವಾಪಸ್ಸು. ಅದೇ ಊರುಗಳು, ಅದೇ ಸ್ಕೂಟಿ, ಅದೇ ಲಾರಿಗಳು. ಯಶವಂತನಗರದ ಮೇಸ್ತ್ರಿಯ ಮಗ ತಮ್ಮ ಮನೆಯ ಗಡಿಯಾರವನ್ನು ಕೈಯಲ್ಲಿ ಹಿಡಿದು ಏನು ಹೇಳಬೇಕೆಂದು ತೋಚದೆ ನರ್ಸಮ್ಮನ ಕಾಲು ಮುಟ್ಟಿದ. ಬೇಡವೆಂದವರ ಗಡಿಯಾರಗಳು ಮಾತ್ರ ವಾರ್ಡಿನಲ್ಲಿ ಉಳಿದವು. ನರ್ಸಮ್ಮ ತೀರಿಕೊಂಡಾಗ ಆ ಕಪಾಟಿನಲ್ಲಿ ಹೆಚ್ಚಿನವು ಹತ್ತಿ ಹಾಸಿದ ಖಾಲಿ ಡಬ್ಬಿಗಳೇ ಆಗಿದ್ದವು. ನೋಡಲು ಬಂದವರು ಪಾಪ ಎಲ್ಲಾ ಕಳಕೊಂಡರೇನೋ ಅಂದುಕೊಂಡರು. ನಾನು ಅಳುತ್ತಲೇ ಅವರಿಗೆಲ್ಲ ತಿಳಿಸಿ ಹೇಳಿದೆ...

ಲ್ಯಾಬಿನಿಂದ ಬಂದ ಮರುದಿನ ತಡೆಯಲಾರದೆ ಕಂಪ್ಲಿಯ ಬಸ್ಸು ಹತ್ತಿದೆ. ಆ ಅಜ್ಜಿಯೂ ಈಗಿಲ್ಲ. ಸೊಸೆಯ ತಲೆ ನೆರೆತಿದೆ, ಮನೆಯ ಹಿರಿತನ ಅವಳದ್ದೇ. ಬೆಳಗ್ಗೆ ಸ್ನಾನ ಮಾಡಿದವಳೇ ಮೊದಲು ಗಡಿಯಾರಕ್ಕೆ ಕೀಲಿ, ಆಮೇಲೆ ದೇವರಿಗೆ ದೀಪ ಎಂದಳು. ಎಣ್ಣೆ ಬಿಡುವುದನ್ನೂ ಕಲಿತಿದ್ದಾಳೆ. ಜಗಲಿಯಿಂದ ತೆಗೆದು ನನ್ನ ಕೈಯಲ್ಲಿಟ್ಟಳು. ಜಿಂಕೆಯ ಮೈಮೇಲಿನ ಕೂದಲು ಹಾಗೇ ಇತ್ತು.

"ಟೈಮು ಸ್ವಲ್ಪ ಹಿಂದೈತಲ್ಲ" ಎಂದೆ.

"ಇರ್ಲಿ ಬಿಡ್ರಿ, ವಯಸ್ಸಾಗೈತಿ. ನಡೀತೈತಲ್ಲ, ಸಾಕು" ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ. ಹೊಸಪೇಟೆಯಲ್ಲಿ ಇಳಿದು, ಓಣಿಗೆ ಬಂದು, ನಮ್ಮ ಮನೆಗೆ ಹೋಗುವ ಬದಲು ನೆಟ್ಟಗೆ ಎದುರು ಮನೆಯ ಗೇಟಿಗೆ ಹೋಗಿ ಚಿಲಕ ತೆಗೆದೆ. ತೆಗೆದ ಮೇಲೆ ನೆನಪಾಯಿತು. ಕೈ ಇನ್ನೂ ಚಿಲಕದ ಮೇಲೇ ಇತ್ತು. ಚಿಲಕದ ಸದ್ದಿಗೆ ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದಳು, ಈಗ ಆ ಮನೆಯಲ್ಲಿ ಬಾಡಿಗೆಗೆ ಇರುವವಳು.

"ಯಾರು ಬೇಕಾಗಿತ್ರಿ?" ಎಂದಳು.

ನನಗೆ ಕಣ್ಣು ತುಂಬಿತ್ತು, ಆದರೂ ಸುದ್ದಿಯನ್ನು ವಾಪಸ್ಸು ಒಯ್ಯಲು ಮನಸ್ಸಾಗಲಿಲ್ಲ. "ಕಂಪ್ಲಿ ಗಡಿಯಾರ ಇನ್ನೂ ನಡೀತೈತಿ ಅಂತ ಹೇಳಾಕ ಬಂದಿದ್ದೆ" ಎಂದೆ.

ಆಕೆಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಒಳಗ ಬರ್ರಿ, ಕುಂತ್ಕಂಡು ಹೇಳ್ರಿ" ಎಂದು ಬಾಗಿಲು ಪೂರ್ತಿ ತೆರೆದಳು.